ತಲೆಬುರುಡೆಯೊಳಗಿನ ಒತ್ತಡ: ಗುರುತು ಮತ್ತು ಪತ್ತೆ

ವಯಸ್ಕರ ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಒಳಗೆ ಸುಮಾರು ಶೇ. 80ರಷ್ಟು ಮಿದುಳು; ಉಳಿದದ್ದು ರಕ್ತ ಮತ್ತು ಮಿದುಳು ದ್ರವ. ಒಂದು ಹೆಚ್ಚಿದರೆ ಮತ್ತೊಂದು ಜಾಗ ಬಿಡಬೇಕು, ಬಿಡಲಾಗದಿದ್ದರೆ ಒತ್ತಡ ಏರುತ್ತದೆ. ಇದೇ ಮನ್ರೊ-ಕೆಲ್ಲಿ ಸಿದ್ಧಾಂತ. ಮಲಗಿರುವ ವಯಸ್ಕರಲ್ಲಿ ಸಹಜ ಮಟ್ಟ 7ರಿಂದ 15 ಮಿ.ಮೀ. ಪಾದರಸ.

ಬೆಳಗ್ಗೆ ಏಳುವಾಗ, ಕೆಮ್ಮಿದಾಗ, ಬಾಗಿದಾಗ ಹೆಚ್ಚುವ ತಲೆನೋವು, ವಾಂತಿ, ಮಂಪರು ಮೊದಲ ಸುಳಿವುಗಳು. ಆರನೇ ಕಪಾಲ ನರ ಸೋತರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಹಸುಗೂಸುಗಳಲ್ಲಿ ನೆತ್ತಿ ಉಬ್ಬುತ್ತದೆ. ಕಣ್ಣಿನ ಹಿಂಭಾಗದಲ್ಲಿ ದೃಷ್ಟಿನರದ ತುದಿ ಊದಿಕೊಳ್ಳುವುದು ಪ್ಯಾಪಿಲೆಡೀಮಾ. ಒತ್ತಡ ದಿಢೀರನೆ ಏರಿದಾಗ ಈ ಊತ ತಡವಾಗಿ ಕಾಣಬಹುದು. ಅದು ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಅಚ್ಚುಮೆಚ್ಚಿನದು ಕುಷಿಂಗ್ ತ್ರಿಲಕ್ಷಣ: ರಕ್ತದೊತ್ತಡದ ಏರಿಕೆ, ನಿಧಾನ ನಾಡಿ, ಅನಿಯಮಿತ ಉಸಿರಾಟ. ರಕ್ತಸ್ರಾವದ ಆಘಾತದಲ್ಲಿ ಇದು ತಿರುವುಮುರುವು: ರಕ್ತದೊತ್ತಡ ಇಳಿದು ನಾಡಿ ಓಡುತ್ತದೆ. ಅಭ್ಯರ್ಥಿಗಳು ಎಡವುವುದು ಇಲ್ಲೇ. ಅಮೆರಿಕದ ನರಶಸ್ತ್ರಜ್ಞ ಹಾರ್ವೆ ಕುಷಿಂಗ್ ಹೆಸರಿನದೇ ಹಾರ್ಮೋನ್ ರೋಗ ಬೇರೆ. ಈ ತ್ರಿಲಕ್ಷಣ ತಡವಾದ ಅಪಾಯದ ಕರೆಗಂಟೆ, ಅದಕ್ಕಾಗಿ ಕಾಯಬಾರದು.

ಪತ್ತೆಗೆ ಮೊದಲು ಸಿ.ಟಿ. ಸ್ಕ್ಯಾನ್. ಗಡ್ಡೆ ಅಥವಾ ಹೆಪ್ಪುಗಟ್ಟಿದ ರಕ್ತ ಇದ್ದಾಗ ಸೊಂಟದಿಂದ ದ್ರವ ತೆಗೆದರೆ ಮಿದುಳು ಕೆಳಕ್ಕೆ ಜಾರಿ ಪ್ರಾಣಕ್ಕೇ ಕುತ್ತು. ನೇರ ಅಳತೆಗೆ ಮಿದುಳಿನ ಕುಹರದೊಳಗೆ ಇಳಿಸುವ ಕೊಳವೆಯೇ ಇಂದಿಗೂ ಪ್ರಮಾಣಿತ ವಿಧಾನ. ಹೆಚ್ಚುವರಿ ದ್ರವವನ್ನು ಅದರಿಂದಲೇ ಹೊರತೆಗೆಯಬಹುದು.