ಅಣೆಕಟ್ಟು, ನೀರಿನ ತಾಪಮಾನ ಮತ್ತು ವಲಸೆ ಮೀನು

ನದಿಗೆ ಅಡ್ಡಲಾಗಿ ಅಣೆಕಟ್ಟನ್ನು ನಿರ್ಮಿಸಿದಾಗ ವಲಸೆ ಮೀನುಗಳ ಮಾರ್ಗಕ್ಕೆ ತಡೆಯುಂಟಾಗುತ್ತದೆ ಎಂಬುದು ಸರ್ವವಿದಿತ. 1975ರಲ್ಲಿ ಫರಕ್ಕಾ ಬ್ಯಾರೇಜು ಕಾರ್ಯಾರಂಭ ಮಾಡಿದ ತರುವಾಯ ಗಂಗಾನದಿಯ ಮೇಲ್ಭಾಗಕ್ಕೆ ಹಿಲ್ಸಾ ಮೀನಿನ ವಲಸೆ ತೀವ್ರವಾಗಿ ಕುಗ್ಗಿದುದು ಇದಕ್ಕೆ ನಿದರ್ಶನ. ಆದರೆ ಕಣ್ಣಿಗೆ ಕಾಣದ ಮತ್ತೊಂದು ಪರಿಣಾಮವೂ ಉಂಟು. ಅದೇ ನೀರಿನ ತಾಪಮಾನದ ಬದಲಾವಣೆ.

ಜಲಾಶಯದ ಪದರಗಳು

ಬೇಸಿಗೆಯಲ್ಲಿ ಆಳವಾದ ಜಲಾಶಯದ ಮೇಲಿನ ನೀರು ಬಿಸಿಲಿಗೆ ಕಾಯುತ್ತದೆ. ಬೆಚ್ಚನೆಯ ನೀರು ಹಗುರವಾದುದರಿಂದ ಮೇಲೆಯೇ ಉಳಿಯುತ್ತದೆ. ಭಾರವಾದ ತಣ್ಣೀರು ತಳದಲ್ಲಿ ನಿಲ್ಲುತ್ತದೆ. ತೂಬು ಯಾವ ಮಟ್ಟದಲ್ಲಿದೆಯೋ ಬಹುಮಟ್ಟಿಗೆ ಆ ಮಟ್ಟದ ನೀರೇ ಕೆಳಗಿನ ನದಿಗೆ ಹರಿಯುತ್ತದೆ. ಹೀಗಾಗಿ ನದಿಯ ತಾಪಮಾನವು ಋತುಮಾನವನ್ನಷ್ಟೇ ಅಲ್ಲದೆ ತೂಬಿನ ಆಳವನ್ನೂ ಅವಲಂಬಿಸುತ್ತದೆ. ಮೀನು ಶೀತರಕ್ತ ಪ್ರಾಣಿ. ಅದರ ವಲಸೆಯ ಸಮಯ, ಮೊಟ್ಟೆಯಿಡುವ ಕಾಲ, ಮೊಟ್ಟೆಯ ಬೆಳವಣಿಗೆ ಇವೆಲ್ಲವೂ ನೀರಿನ ತಾಪಮಾನಕ್ಕೆ ಅಧೀನವಾಗಿವೆ.

ಶಾಸ್ತಾ ಅಣೆಕಟ್ಟಿನ ನಿದರ್ಶನ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಕ್ರಮೆಂಟೊ ನದಿಯಲ್ಲಿ ಚಿನೂಕ್ ಸಾಲ್ಮನ್ ಮೀನಿನ ಒಂದು ವಿಶಿಷ್ಟ ಸಂತತಿಯಿದೆ. ಇದು ಚಳಿಗಾಲದಲ್ಲಿ ಸಮುದ್ರದಿಂದ ನದಿಯನ್ನು ಪ್ರವೇಶಿಸಿ ಬೇಸಿಗೆಯಲ್ಲಿ ಮೊಟ್ಟೆಯಿಡುತ್ತದೆ. ಹಿಂದೆ ಮೆಕ್ಲೌಡ್ ಮುಂತಾದ ಉಪನದಿಗಳ ತಣ್ಣನೆಯ ಬುಗ್ಗೆನೀರು ಈ ಮೊಟ್ಟೆಗಳನ್ನು ಕಾಪಾಡುತ್ತಿತ್ತು. 1945ರಲ್ಲಿ ಪೂರ್ಣಗೊಂಡ ಶಾಸ್ತಾ ಅಣೆಕಟ್ಟಿನಿಂದಾಗಿ ಆ ತಾಣಗಳು ಮೀನಿಗೆ ಎಟುಕದಾದವು. ಅಂದಿನಿಂದ ಅದು ಅಣೆಕಟ್ಟಿನ ಕೆಳಗೆ, ಬಿಸಿಲಿನ ಕಣಿವೆಯಲ್ಲಿ ಮೊಟ್ಟೆಯಿಡಬೇಕಾಗಿದೆ. ತಾಪಮಾನವು ಸುಮಾರು 13 ಡಿಗ್ರಿ ಸೆಲ್ಸಿಯಸ್ ಮೀರಿದಂತೆಲ್ಲ ಮೊಟ್ಟೆಗಳ ಸಾವು ಹೆಚ್ಚುತ್ತದೆ. ಜಲಾಶಯದ ತಳದಿಂದ ಬರುವ ತಣ್ಣೀರೇ ಅವುಗಳಿಗೆ ಆಧಾರ.

ಅನಾವೃಷ್ಟಿಯಲ್ಲಿ ಜಲಾಶಯ ಬತ್ತಿದಾಗ ಈ ತಣ್ಣೀರಿನ ಸಂಗ್ರಹವೂ ಕರಗುತ್ತದೆ. 1976-77ರ ಬರಗಾಲದಲ್ಲಿ ಹೀಗೆಯೇ ಆಯಿತು. 1969ರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ್ದ ಈ ಮೀನುಗಳ ಸಂಖ್ಯೆ, ಇತರ ಕಾರಣಗಳೂ ಸೇರಿ, 1994ರಲ್ಲಿ ಸುಮಾರು 200ಕ್ಕೆ ಇಳಿಯಿತು. ಅದೇ ವರ್ಷ ಇದನ್ನು ಅಳಿವಿನಂಚಿನ ಜೀವಿಯೆಂದು ಘೋಷಿಸಲಾಯಿತು.

ಪರಿಹಾರ ಮತ್ತು ಅದರ ಮಿತಿ

ಮೊದಲು ಆಳದ ತಣ್ಣೀರನ್ನು ಬಿಡಬೇಕಾದರೆ ವಿದ್ಯುದಾಗಾರವನ್ನು ತಪ್ಪಿಸಿ ಕೆಳಗಿನ ತೂಬುಗಳ ಮೂಲಕ ಹರಿಸಬೇಕಾಗಿತ್ತು; ವಿದ್ಯುತ್ ಉತ್ಪಾದನೆಗೆ ನಷ್ಟವಾಗುತ್ತಿತ್ತು. 1997ರಲ್ಲಿ ಅಣೆಕಟ್ಟಿನ ಒಳಮುಖಕ್ಕೆ ಬೃಹತ್ತಾದ ಉಕ್ಕಿನ ರಚನೆಯೊಂದನ್ನು ಅಳವಡಿಸಲಾಯಿತು. ಇದರ ಬಾಗಿಲುಗಳ ಮೂಲಕ ಬೇಕಾದ ಆಳದ ನೀರನ್ನು ಆರಿಸಿ, ವಿದ್ಯುದಾಗಾರದ ಮೂಲಕವೇ ನದಿಗೆ ಬಿಡಬಹುದು.

ಆದರೆ ಯಂತ್ರವು ತಣ್ಣೀರನ್ನು ಆರಿಸಬಲ್ಲದೇ ವಿನಾ ಸೃಷ್ಟಿಸಲಾರದು. 2014 ಮತ್ತು 2015ರ ಬರಗಾಲದಲ್ಲಿ ತಣ್ಣೀರು ಸಾಲದೆ, ನೂರು ಮೊಟ್ಟೆಗಳಲ್ಲಿ ಸುಮಾರು ಐದು ಮಾತ್ರ ಮರಿಗಳಾಗಿ ಉಳಿದವು. ಈ ಮೀನುಗಳಲ್ಲಿ ಹೆಚ್ಚಿನವು ಮೂರನೆಯ ವರ್ಷದಲ್ಲಿ ಮರಳಿ ಬಂದು, ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತವೆ. ಆದುದರಿಂದ ಸತತ ಮೂರು ವರ್ಷಗಳ ಹಾನಿಯು ಇಡೀ ಸಂತತಿಯನ್ನೇ ಅಳಿಸಬಲ್ಲುದು.

ವ್ಯವಸಾಯ, ವಿದ್ಯುತ್ತು, ಮೀನು ಈ ಮೂರಕ್ಕೂ ಒಂದೇ ಜಲಾಶಯ ಆಶ್ರಯವಾಗಿರುವಾಗ, ಎಷ್ಟು ನೀರು ಬಿಡಬೇಕು ಎಂಬುದರ ಜೊತೆಗೆ ಯಾವ ಆಳದ ನೀರನ್ನು ಯಾವ ತಿಂಗಳಿಗಾಗಿ ಕಾಯ್ದಿಡಬೇಕು ಎಂಬುದನ್ನೂ ವಸಂತಕಾಲದಲ್ಲಿಯೇ ನಿರ್ಧರಿಸುವುದು ಅಗತ್ಯ. ಬೇಸಿಗೆಯ ಕೊನೆಯಲ್ಲಿ ಎಚ್ಚೆತ್ತರೆ ಕಾಯ್ದಿಡಲು ತಣ್ಣೀರೇ ಇರುವುದಿಲ್ಲ.