ತೊಂಬತ್ತೈದು ಒಂಬತ್ತೂವರೆ ಸಾವಿರವಾದ ಬಗೆ

ಓಖ್ಲಾ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿಯುವ ನಮ್ಮ ಓದುಗ ಬಂಧುವೊಬ್ಬರು ಜೊತೆಯವರ ಕೈಸಾಲದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕಡತ. ಹಣ ಬಂದಾಗಲೆಲ್ಲ, ಪೈಥಾನ್ ಭಾಷೆಯಲ್ಲಿ ತಾವೇ ಬರೆದ ಸಣ್ಣ ಪ್ರೋಗ್ರಾಮಿನಿಂದ ಹಳೆಯ ಬಾಕಿಯ ಮೇಲೆ ಹೊಸ ಬಾಕಿಯನ್ನು ಬರೆಸುತ್ತಾರೆ. ಮೊನ್ನೆ 1200 ರೂಪಾಯಿ ಸಾಲದಲ್ಲಿ 1105 ತೀರಿಸಿದವರ ಕಡತದಲ್ಲಿ ‘ಬಾಕಿ 95’ ಎಂದಿರಬೇಕಾದಲ್ಲಿ ‘ಬಾಕಿ 9500’ ಎಂದು ಬಂದಿತು. ಸಾಲ ತೀರಿಸಿದವರಿಗೆ ಗಾಬರಿ, ಲೆಕ್ಕ ಇಟ್ಟವರಿಗೆ ಅವಮಾನ. ಮೋಸವೆಂಬ ಮಾತೂ ಬಂದುಹೋಯಿತು. ಮೋಸ ಯಾರದೂ ಅಲ್ಲ. ಕಡತವನ್ನು ತೆರೆದ ರೀತಿ ತಪ್ಪಾಗಿತ್ತು.

ಕಡತವನ್ನು ತೆರೆಯುವ ರೀತಿಗಳಲ್ಲಿ ಮೂರನ್ನು ನಾವು ಬೇರೆಬೇರೆಯಾಗಿ ತಿಳಿಯಬೇಕು.

ಮೊದಲನೆಯದು ‘ಆರ್ ಪ್ಲಸ್’. ಇದು ಸ್ಲೇಟನ್ನು ಒರೆಸದೆ ಮೊದಲಿನಿಂದ ಬರೆಯುತ್ತದೆ. ಹೊಸದು ಹಳೆಯದಕ್ಕಿಂತ ಚಿಕ್ಕದಾದರೆ ಹಳೆಯದರ ಬಾಲ ಉಳಿಯುತ್ತದೆ. 95 ಎಂಬುದು 1200ರ ಮೊದಲೆರಡು ಅಂಕೆಗಳನ್ನು ಮುಚ್ಚಿತು. ಕೊನೆಯ ಎರಡು ಸೊನ್ನೆ ಹಾಗೆಯೇ ನಿಂತವು. ಬರೆದಾದ ಮೇಲೆ ‘ಟ್ರಂಕೇಟ್’ ಆಜ್ಞೆ ಕೊಟ್ಟರೆ ಬಾಲ ಕತ್ತರಿಸಿಹೋಗುತ್ತದೆ. ಬರೆಯುವ ಮೊದಲು ಕಡತವನ್ನು ಪೂರ್ತಿ ಓದಿದ್ದರೆ ‘ಸೀಕ್’ ಆಜ್ಞೆಯಿಂದ ಆರಂಭಕ್ಕೆ ಮರಳಬೇಕು. ಇಲ್ಲವಾದರೆ ಹೊಸದು ಕೊನೆಯಲ್ಲಿ ಹೋಗಿ ಅಂಟಿಕೊಳ್ಳುತ್ತದೆ.

ಎರಡನೆಯದು ‘ಡಬ್ಲ್ಯು’. ಇದು ತೆರೆದ ಕ್ಷಣವೇ ಸ್ಲೇಟನ್ನು ಪೂರ್ತಿ ಒರೆಸುತ್ತದೆ. ಬಾಲ ಉಳಿಯುವ ಭಯವಿಲ್ಲ. ಆದರೆ ಬರೆಯುವ ಮೊದಲೇ ಕರೆಂಟು ಹೋದರೆ ಅಥವಾ ಪ್ರೋಗ್ರಾಮು ತಪ್ಪು ತೋರಿಸಿ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಮೂರನೆಯದು ‘ಎ’. ಇದು ಹಳೆಯದನ್ನು ಮುಟ್ಟದೆ ಕೊನೆಗೆ ಸೇರಿಸುತ್ತದೆ. ಒಂದೇ ಬಾಕಿ ಎರಡು ಸಲ ಕಂಡರೆ ಇದರ ಮೇಲೆ ಅನುಮಾನಪಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಯುಟಿಎಫ್-8 ಎಂಬ ಲಿಪಿಸಂಕೇತದಲ್ಲಿ 1, 2, 3 ಮೊದಲಾದ ಅಂಕೆಗೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟು ಬೇಕು. ‘ಕನ್ನಡ’ ಎಂಬ ಮಾತಿನಲ್ಲಿ ಕ, ನ, ಒತ್ತಿನ ಗುರುತು, ನ, ಡ ಎಂದು ಐದು ಚಿಹ್ನೆಗಳಿದ್ದು, ಒಟ್ಟು 15 ಬೈಟುಗಳಾಗುತ್ತವೆ. ಆದಕಾರಣ ‘ಬಾಕಿ ಇಲ್ಲ’ ಎಂಬುದರ ಮೇಲೆ ಒರೆಸದೆ ‘ಬಾಕಿ 95’ ಎಂದು ಬರೆದರೆ, ‘ಇ’ ಅಕ್ಷರದ ಎರಡು ಬೈಟು ಮುಚ್ಚಿ ಒಂದು ಅನಾಥವಾಗಿ ಉಳಿಯುತ್ತದೆ. ಆ ಜಾಗದಲ್ಲಿ ಸಾಮಾನ್ಯವಾಗಿ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಅದನ್ನು ಕಂಡು ಫಾಂಟು ಕೆಟ್ಟಿತೆಂದು ತಿಳಿಯಬೇಡಿ.

ಕಡತ ತೆರೆಯುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳುವುದೂ ಅಗತ್ಯ. ಹೇಳದಿದ್ದರೆ ಅನೇಕ ವಿಂಡೋಸ್ ಯಂತ್ರಗಳಲ್ಲಿ ಪೈಥಾನ್ ಕನ್ನಡವನ್ನು ಬರೆಯಲಾರದೆ ನಿಂತುಬಿಡುತ್ತದೆ. ಅಷ್ಟರೊಳಗೆ ‘ಡಬ್ಲ್ಯು’ ಕಡತವನ್ನು ಬರಿದು ಮಾಡಿರುತ್ತದೆ. ನೋಟ್‌ಪ್ಯಾಡಿನಲ್ಲಿ ‘ಆನ್ಸಿ’ ಎಂದು ಉಳಿಸಿದರಂತೂ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ; ಮುಚ್ಚಿ ತೆರೆದ ಮೇಲೆ ಆ ಕಡತದಿಂದ ಮೂಲವನ್ನು ಮರಳಿ ಪಡೆಯಲಾಗದು.

ಬರೆದರೂ ಏನೂ ಬದಲಾಗದಿದ್ದರೆ ಎರಡು ಸಂಗತಿ ನೋಡಿ: ಕಡತವನ್ನು ‘ಕ್ಲೋಸ್’ ಮಾಡಿದ್ದೀರಾ? ನೀವು ನೋಡುತ್ತಿರುವುದು ಅದೇ ಫೋಲ್ಡರಿನ ಕಡತವೇ?

ಎಲ್ಲಕ್ಕಿಂತ ಕ್ಷೇಮವಾದ ದಾರಿ ಹಳೆಯ ಗುಮಾಸ್ತರದೇ. ಹೊಸ ಲೆಡ್ಜರು ಬರೆದು ತಾಳೆ ನೋಡುವವರೆಗೆ ಅವರು ಹಳೆಯದನ್ನು ಎಸೆಯುತ್ತಿರಲಿಲ್ಲ. ಹಾಗೆಯೇ ಹೊಸ ಬಾಕಿಯನ್ನು ಬೇರೆ ಹೆಸರಿನ ಕಡತದಲ್ಲಿ ಬರೆದು, ಮುಚ್ಚಿ, ಮತ್ತೆ ತೆರೆದು ಓದಿಸಿ, ಸರಿಯಿದ್ದರೆ ಮಾತ್ರ ‘ರಿಪ್ಲೇಸ್’ ಆಜ್ಞೆಯಿಂದ ಹಳೆಯದರ ಸ್ಥಾನಕ್ಕೆ ತನ್ನಿ. ಹಳೆಯದರ ಒಂದು ಪ್ರತಿಯನ್ನು ತಾರೀಖು ಹಾಕಿ ತೆಗೆದಿಡಿ.

ನಮ್ಮ ಬಂಧುವಿನ ಲೆಕ್ಕ ಕೊನೆಗೆ ಸರಿಹೋದದ್ದು ಸಾಲ ತೀರಿಸಿದವರ ಜೇಬಿನಲ್ಲಿದ್ದ 1105 ರೂಪಾಯಿಯ ರಸೀದಿಯಿಂದ. ಕಂಪ್ಯೂಟರಿನಲ್ಲಿ ಲೆಕ್ಕವಿದ್ದರೂ ಚೀಟಿ ಬರೆದುಕೊಡುವ ಪದ್ಧತಿಯನ್ನು ಬಿಡಬೇಡಿ.