ಬಚ್ಚಲ ಒಲೆಗೆ ಹಳೆಯ ಇಟ್ಟಿಗೆ ಹೊಗೆಗೂಡಿನ ಜೋಡಣೆ

ಮಲೆನಾಡು ಹಾಗೂ ಕಾಫಿ ಸೀಮೆಯ ಅನೇಕ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರು ಕಾಯುವುದು ಇಂದಿಗೂ ಕಟ್ಟಿಗೆಯಿಂದಲೇ. ಹಳೆಯ ಹಂಡೆ ಒಲೆಯನ್ನು ತೆಗೆದು ಸುಧಾರಿಸಿದ ಒಲೆಯನ್ನು ಕೂಡಿಸುವಾಗ, ಅದರ ಹೊಗೆ ಕೊಳವೆಯನ್ನು ಗೋಡೆಯಲ್ಲಿ ಮೊದಲಿನಿಂದ ಇರುವ ಇಟ್ಟಿಗೆ ಹೊಗೆಗೂಡಿಗೆ ಸೇರಿಸುವವರು ಹಲವರು. ಇದರಿಂದ ಖರ್ಚು ಉಳಿಯುವುದು ನಿಜ. ಆದರೆ ಗೂಡು ಒಲೆಗೆ ಹೊಂದದಿದ್ದಲ್ಲಿ ಹೊಗೆ ಮನೆಯೊಳಕ್ಕೇ ಹಿಂದಿರುಗುತ್ತದೆ. ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರಿಗೆ ಇದು ಪ್ರಾಣಾಪಾಯಕಾರಿ.

ಗೂಡು ಎಳೆಯುವುದು ಹೇಗೆ?

ಬಿಸಿ ಗಾಳಿ ಹಗುರ. 150 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಹೊಗೆಯು 25 ಡಿಗ್ರಿಯ ಹೊರಗಾಳಿಗಿಂತ ಸುಮಾರು ಶೇಕಡ 30ರಷ್ಟು ಹಗುರವಾಗಿರುತ್ತದೆ. ಅದು ಮೇಲೇರುವಾಗ ಹೊಸ ಗಾಳಿ ಒಲೆಯೊಳಕ್ಕೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯೂ ಸೇರಿದಂತೆ ಕೊಳವೆಯುಳ್ಳ ಒಲೆಗಳೆಲ್ಲವೂ ಈ ಎಳೆತವನ್ನೇ ನೆಚ್ಚಿಕೊಂಡಿವೆ. ಹೊಗೆ ತಣ್ಣಗಾದರೆ ಎಳೆತ ಕುಗ್ಗುತ್ತದೆ.

ಹಳೆಯ ಗೂಡಿನ ಮುಖ್ಯ ದೋಷ ಅದರ ಅಗಲ. 10 ಸೆಂ.ಮೀ. ವ್ಯಾಸದ ಕೊಳವೆಯ ಬಾಯಿ ಸುಮಾರು 79 ಚದರ ಸೆಂ.ಮೀ.; 23 ಸೆಂ.ಮೀ. ಚೌಕದ ಗೂಡಿನ ಬಾಯಿ ಸುಮಾರು 530 ಚದರ ಸೆಂ.ಮೀ., ಅಂದರೆ ಆರು ಪಟ್ಟಿಗೂ ಹೆಚ್ಚು. ಇಲ್ಲಿ ಹೊಗೆ ನಿಧಾನವಾಗಿ, ತಣ್ಣಗಾಗಿ, ಟಾರಿನಂತಹ ಜಿಡ್ಡುಮಸಿಯಾಗಿ ಗೋಡೆಗೆ ಹಿಡಿಯುತ್ತದೆ. ಈ ಮಸಿಗೆ ಕಿಡಿ ತಗುಲಿದರೆ ಗೂಡೇ ಹೊತ್ತಿ ಉರಿದು ಮಾಡಿನ ಮರಕ್ಕೆ ಬೆಂಕಿ ತಗುಲಬಹುದು.

ಜೋಡಿಸುವ ಮುನ್ನ

1. ಗೂಡಿನಲ್ಲಿರುವ ಮಸಿ, ಹಕ್ಕಿಗೂಡು, ಕಣಜದ ಗೂಡು, ಬಿದ್ದ ಇಟ್ಟಿಗೆಗಳನ್ನು ಪೂರ್ತಿ ತೆಗೆಯಬೇಕು.

2. ಹೊಗೆ ಪರೀಕ್ಷೆ ಮಾಡಬೇಕು. ಬಾಗಿಲು, ಕಿಟಕಿಗಳನ್ನು ತೆರೆದಿಟ್ಟು, ಗೂಡಿನ ಬುಡದಲ್ಲಿ ಹಸಿ ಹುಲ್ಲಿನ ಹೊಗೆ ಹಾಕಿ, ಮೇಲಿನ ಬಾಯಿಗೆ ಒದ್ದೆ ಗೋಣಿಚೀಲವನ್ನು ಸ್ವಲ್ಪ ಹೊತ್ತು ಮುಚ್ಚಿದರೆ ಬಿರುಕುಗಳಿಂದ ಹೊಗೆ ಹೊರಬರುವುದು ಕಾಣುತ್ತದೆ. ಅಟ್ಟವನ್ನೂ ನೋಡಲು ಮರೆಯಬಾರದು. ಪರೀಕ್ಷೆಯ ನಂತರ ಗೋಣಿಯನ್ನು ತಪ್ಪದೇ ತೆಗೆಯಬೇಕು.

3. ಮಾಡಿನ ತೊಲೆ, ಪಕಾಸಿಗಳು ಇಟ್ಟಿಗೆಗೆ ತಾಗಿರಬಾರದು. ಕನಿಷ್ಠ 5 ಸೆಂ.ಮೀ. ಅಂತರವಿರಲಿ.

ಜೋಡಿಸುವ ಕ್ರಮ

ಗೂಡಿನ ಬಾಯಿಯ ವಿಸ್ತೀರ್ಣ ಒಲೆಯ ಕೊಳವೆಯ ಬಾಯಿಯ ಎರಡು–ಮೂರು ಪಟ್ಟಿಗಿಂತ ಹೆಚ್ಚಿದ್ದಲ್ಲಿ ಅಥವಾ ಒಳಗೋಡೆ ಬಿರುಕು ಬಿಟ್ಟಿದ್ದಲ್ಲಿ, ಒಲೆಯ ಕೊಳವೆಯಷ್ಟೇ ವ್ಯಾಸದ ತುಕ್ಕುಹಿಡಿಯದ ಉಕ್ಕಿನ ಕೊಳವೆಯನ್ನು ಗೂಡಿನೊಳಗೆ ತುದಿಯವರೆಗೂ ಇಳಿಸುವುದು ಉತ್ತಮ. ಕೊಳವೆಯ ಸುತ್ತಲಿನ ಸಂದನ್ನು ಮೇಲ್ತುದಿಯಲ್ಲಿ ತಗಡಿನಿಂದ ಮುಚ್ಚಬೇಕು.

ಗೂಡು ಸರಿಯಾಗಿದ್ದಲ್ಲಿ ನೇರವಾಗಿ ಜೋಡಿಸಬಹುದು. ಅಡ್ಡಕೊಳವೆಯು ಗೂಡಿನ ಕಡೆಗೆ ಮೀಟರಿಗೆ 2 ಸೆಂ.ಮೀ.ನಷ್ಟಾದರೂ ಏರುತ್ತಿರಬೇಕು. ಅದರ ತುದಿ ಗೂಡಿನ ಒಳಮೈಗೆ ಸಮನಾಗಿ ನಿಲ್ಲಬೇಕು. ಒಳಕ್ಕೆ ಚಾಚಿದರೆ ಹೊಗೆಗೆ ತಡೆಯಾಗುತ್ತದೆ. ಕೊಳವೆಯಿಂದ ಮರದ ಸಾಮಾನು 45 ಸೆಂ.ಮೀ. ದೂರವಿರಲಿ. ಸಂದುಗಳಿಗೆ ಜೇಡಿಮಣ್ಣು ಮತ್ತು ಮರಳಿನ ಗಾರೆ ಒಳ್ಳೆಯದು. ಬರಿಯ ಸಿಮೆಂಟು ಕಾವಿಗೆ ಬಿರಿಯುತ್ತದೆ. ಜೋಡಣೆಯ ಕೆಳಗೆ ಮಸಿ ತೆಗೆಯಲು ಬಿಗಿಯಾಗಿ ಮುಚ್ಚುವ ಚಿಕ್ಕ ಬಾಗಿಲನ್ನು ಇಡಬೇಕು. ಒಂದು ಗೂಡಿಗೆ ಒಂದೇ ಒಲೆ.

ಗೂಡು ಮಾಡಿನಿಂದ ಹೊರಬರುವ ಜಾಗಕ್ಕಿಂತ 90 ಸೆಂ.ಮೀ., ಮೂರು ಮೀಟರ್ ದೂರದೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ 60 ಸೆಂ.ಮೀ. ಎತ್ತರವಿರಬೇಕು. ಮಳೆ ನೀರು ಇಳಿಯದಂತೆ ಮೇಲೆ ಟೋಪಿ ಇಡಬೇಕು. ಅದರ ಬದಿಗಳು ತೆರೆದಿರಲಿ.

ಹಳೆಯ ಕಲ್ನಾರು ಸಿಮೆಂಟು ಕೊಳವೆಯನ್ನು ಮತ್ತೆ ಬಳಸಬಾರದು, ಗರಗಸದಿಂದ ಕೊಯ್ಯಲೂಬಾರದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲುದು.

ಬಳಕೆಯಲ್ಲಿ ಎಚ್ಚರ

ಮಳೆಗಾಲದಲ್ಲಿ ಗೂಡು ಒದ್ದೆಯಾಗಿ ತಣ್ಣಗಿರುತ್ತದೆ. ಮೊದಲು ಒಣಹುಲ್ಲು ಉರಿಸಿ ಗೂಡನ್ನು ಬಿಸಿಮಾಡಿ, ಹೊಗೆ ಮೇಲೇರಿದ ಬಳಿಕವೇ ಕಟ್ಟಿಗೆ ಇಡಬೇಕು. ಹಸಿ ಕಟ್ಟಿಗೆ ಬೇಡ. ಮಸಿ ಕಾಲು ಅಂಗುಲ ದಪ್ಪವಾಗುವ ಮೊದಲೇ ಕೆರೆಯಬೇಕು. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ನೋಡುವುದು ಕ್ಷೇಮ.

ಒಲೆಯ ಬಾಯಿ ಬಚ್ಚಲಿನ ಹೊರಗಿದ್ದರೆ ಬಹಳ ಒಳ್ಳೆಯದು. ಒಳಗೇ ಇದ್ದರೆ ಗಾಳಿಕಿಂಡಿಯನ್ನು ಚಳಿಗಾಲದಲ್ಲೂ ಮುಚ್ಚಬಾರದು. ಸ್ನಾನಕ್ಕೆ ಹೋದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಹೊರಗಾಳಿಗೆ ಕರೆತಂದು ವೈದ್ಯರಲ್ಲಿಗೆ ಒಯ್ಯಬೇಕು. ಗೂಡು ಸರಿಪಡಿಸುವವರೆಗೆ ಒಲೆ ಹಚ್ಚಬಾರದು. ಒಂದು ದಿನದ ಗಾರೆ ಕೆಲಸ ಮನೆಮಂದಿಯ ಜೀವಕ್ಕಿಂತ ದುಬಾರಿಯಲ್ಲ.